ಬಳ್ಳಾರಿಯಲ್ಲಿ ಇದ್ದೀನಿ, 27 ವಯಸ್ಸು. ಆತ್ಮರಕ್ಷಣೆಗೆ ಕರಾಟೆನಾ, ಬಾಕ್ಸಿಂಗಾ, ಜೂಡೋನಾ?

ಪ್ರಶ್ನೆ: ಕೌಲ್‌ಬಜಾರ್ ಸ್ಕೂಟಿ

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರಿನಲ್ಲಿ ನಮ್ಮ ಮನೆ. ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸೀಸನ್ ಬಂತು ಅಂದರೆ ಬಿಲ್ಲು, ಪಾರ್ಸಲ್ ಲೆಕ್ಕ ಎಲ್ಲ ಮುಗಿಯುವಷ್ಟರಲ್ಲಿ ರಾತ್ರಿ ಎಂಟೂವರೆ ದಾಟಿರುತ್ತದೆ. ಸ್ಕೂಟಿಯಲ್ಲಿ ಒಬ್ಬಳೇ ಬರುತ್ತೇನೆ.

ಇತ್ತೀಚೆಗೆ ಬೀದಿ ದೀಪ ಇಲ್ಲದ ಕಡೆ ಬೈಕಿನಲ್ಲಿ ಇಬ್ಬರು ಪಕ್ಕಕ್ಕೆ ಬಂದರು. ಹಿಂದೆ ಕೂತವನು ನನ್ನ ಹೆಗಲ ಬ್ಯಾಗಿನ ಪಟ್ಟಿ ಹಿಡಿದು ಜಗ್ಗಿದ. ಪಟ್ಟಿ ಕಿತ್ತು ಹೋಯಿತು, ಬ್ಯಾಗ್ ನನ್ನ ಕಾಲ ಹತ್ತಿರವೇ ಬಿತ್ತು. ಗಾಡಿ ಆ ಕಡೆ ಈ ಕಡೆ ಓಲಾಡಿತು, ಬೀಳಲಿಲ್ಲ. ಅವರು ನಗುತ್ತಾ ಹೋದರು. ನನ್ನ ಬಾಯಿಂದ ಒಂದು ಶಬ್ದ ಕೂಡ ಬರಲಿಲ್ಲ. ಆವತ್ತಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ.

ಏನಾದರೂ ಕಲಿಯಲೇಬೇಕು ಅಂತ ಊರಲ್ಲಿ ವಿಚಾರಿಸಿದೆ. ಒಂದು ಶಾಲೆಯ ಮೈದಾನದಲ್ಲಿ ಸಂಜೆ ಕರಾಟೆ ಹೇಳಿಕೊಡುತ್ತಾರೆ, ಆದರೆ ಬಹಳಷ್ಟು ಸಣ್ಣ ಮಕ್ಕಳು, ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಾರೆ. ಒಂದು ಜಿಮ್‌ನಲ್ಲಿ ಬೆಳಿಗ್ಗೆ ಆರಕ್ಕೆ ಬಾಕ್ಸಿಂಗ್ ಇದೆ, ಎಲ್ಲ ಹುಡುಗರೇ. ಇನ್ನೊಬ್ಬ ಸರ್ ಚಾಪೆ ಹಾಸಿ ಜೂಡೋ ಕಲಿಸುತ್ತಾರೆ, ಅಲ್ಲಿ ಕಾಲೇಜಿನ ಹುಡುಗಿಯರು ಕೆಲವರು ಇದ್ದಾರೆ. ಇದರ ಜೊತೆಗೆ "ಎರಡೇ ದಿನದಲ್ಲಿ ಆತ್ಮರಕ್ಷಣೆ" ಅಂತ ಒಂದು ಶಿಬಿರದ ಪಾಂಪ್ಲೆಟ್ ಸಿಕ್ಕಿತು. ಎತ್ತರ ಇಲ್ಲದವರಿಗೂ, ತೂಕ ಇಲ್ಲದವರಿಗೂ ಸರಿ ಅಂತ ಬರೆದಿದ್ದಾರೆ.

ನಾನು ಐದಡಿ, 46 ಕೆಜಿ. ಕನ್ನಡಕ ಇದೆ. ಕಾಲೇಜು ಬಿಟ್ಟ ಮೇಲೆ ಆಟ ಅಂತ ಏನೂ ಆಡಿಲ್ಲ. ಅಮ್ಮ "ಮದುವೆ ಆಗಬೇಕಾದ ಹುಡುಗಿ, ಕೈ ಕಾಲು ಮುರಕೊಂಡರೆ ಯಾರು ನೋಡೋರು" ಅನ್ನುತ್ತಾರೆ. ಕಲಿತವರು, ಕಲಿಸುವವರು ಇದ್ದರೆ ದಯವಿಟ್ಟು ಹೇಳಿ. ಈ ವಯಸ್ಸಿಗೆ ಶುರು ಮಾಡಬಹುದಾ? ಯಾವುದಕ್ಕೆ ಸೇರಲಿ?

---

ಉತ್ತರ: ಬಳ್ಳಾರಿ ಪಂಚ್

ಸಿಸ್ಟರ್, ನನ್ನ ಮಾತು ಕೇಳಿದರೆ ಬಾಕ್ಸಿಂಗ್. ಹುಡುಗರು ಇದ್ದಾರೆ ಅಂತ ಹಿಂಜರಿಯಬೇಡಿ. ಪಕ್ಕದ ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ 2022ರಲ್ಲೂ 2023ರಲ್ಲೂ ವಿಶ್ವ ಚಾಂಪಿಯನ್ ಆದರು. ಅವರದೂ ಸಣ್ಣ ಮೈಕಟ್ಟೇ.

ಬಾಕ್ಸಿಂಗ್‌ನಲ್ಲಿ ಕಲಿಯುವುದು ಕಡಿಮೆ, ಮಾಡುವುದು ಜಾಸ್ತಿ. ನಾಲ್ಕೈದು ಪಂಚ್, ಕಾಲಿನ ನಡೆ, ತಲೆ ತಪ್ಪಿಸುವುದು, ಇಷ್ಟೇ. ಅದನ್ನೇ ಸಾವಿರ ಸಲ ಮಾಡಿಸುತ್ತಾರೆ. ಎದುರಿನವನ ಕೈ ನನಗೆ ಎಲ್ಲಿ ತನಕ ಮುಟ್ಟುತ್ತದೆ ಅನ್ನುವ ಅಂದಾಜು ಕಣ್ಣಿಗೆ ಬರುತ್ತದೆ. ಅದು ಬಂದರೆ ಅರ್ಧ ಭಯ ಹೋಗುತ್ತದೆ. ಒಳ್ಳೆ ಕೋಚ್ ಆದರೆ ಶುರುವಿನಲ್ಲೇ ಯಾರನ್ನೂ ಹೊಡೆದಾಟಕ್ಕೆ ಇಳಿಸುವುದಿಲ್ಲ. ಹಗ್ಗ ಜಿಗಿಯುವುದು, ಬ್ಯಾಗು, ಪ್ಯಾಡು, ಆಮೇಲೆ ನಿಧಾನಕ್ಕೆ ಸ್ಪಾರಿಂಗ್, ಅಂದರೆ ಜೋಡಿಯಾಗಿ ಅಭ್ಯಾಸದ ಹೊಡೆದಾಟ.

ಒಂದು ಎಚ್ಚರಿಕೆ. ಗ್ಲೌಸ್, ಪಟ್ಟಿ ಹಾಕಿಕೊಂಡು ಹೊಡೆದು ಅಭ್ಯಾಸ ಆದವರು ಬರಿಗೈಯಲ್ಲಿ ತಲೆಗೆ ಗುದ್ದಿದರೆ ಕಿರುಬೆರಳಿನ ಹಿಂದಿನ ಮೂಳೆ ಮುರಿಯಬಹುದು. ಡಾಕ್ಟರುಗಳು ಅದಕ್ಕೆ ಬಾಕ್ಸರ್ಸ್ ಫ್ರಾಕ್ಚರ್ ಅಂತಲೇ ಹೆಸರಿಟ್ಟಿದ್ದಾರೆ. ರಸ್ತೆಯಲ್ಲಿ ಹೊಡೆಯಲೇಬೇಕಾಗಿ ಬಂದರೆ ಮುಷ್ಟಿ ಬೇಡ, ಅಂಗೈ ಬುಡದಿಂದ ಮೂಗಿಗೆ, ಗದ್ದಕ್ಕೆ ಹೊಡೆಯಿರಿ. ಇದನ್ನು ಕೋಚ್‌ಗೆ ಹೇಳಿ ಬೇರೆಯಾಗಿ ಅಭ್ಯಾಸ ಮಾಡಿ.

ತೋರಣಗಲ್ಲು ಹತ್ತಿರ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಿಂದ ಇದೆ. ಬಾಕ್ಸಿಂಗ್, ಜೂಡೋ, ಕುಸ್ತಿ ಎಲ್ಲ ಇದೆ. ಯಾರಾದರೂ ಅದನ್ನು ಹೇಳಿದರೆ ತಿಳಿದಿರಲಿ, ಅದು ದೇಶಕ್ಕೆ ಆಡುವವರನ್ನು ತಯಾರು ಮಾಡುವ ಜಾಗ. ಹೊಸಬರು ಸಂಜೆ ಹೊತ್ತು ಹೋಗಿ ಕಲಿಯುವ ಕ್ಲಾಸ್ ಅಲ್ಲ.

---

ಉತ್ತರ: ರಾಯಚೂರು ಪಿಇ ಟೀಚರ್

ತಂಗಿ, ನೀನು ಅಂತಲೇ ಕರೆಯುತ್ತೇನೆ, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು ನಿನ್ನದು. ರಾಯಚೂರಿನಲ್ಲಿ ಹೈಸ್ಕೂಲ್ ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. ಕಾಲೇಜಿನಲ್ಲಿ ಜೂಡೋ ಆಡಿದವಳು, ಈಗಲೂ ಬೆಳಿಗ್ಗೆ ಹುಡುಗಿಯರಿಗೆ ಚಾಪೆ ಹಾಸಿ ಕಲಿಸುತ್ತೇನೆ. ಹಾಗಾಗಿ ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಟ್ಟೆ.

ಆದರೆ ಕಲೆ ಯಾವುದು ಅನ್ನುವುದಕ್ಕಿಂತ ಮುಂಚೆ ನೋಡಬೇಕಾದ್ದು ಬೇರೆ ಇದೆ. ಆ ಕ್ಲಾಸಿನಲ್ಲಿ ನಿನ್ನನ್ನು ಯಾರಾದರೂ ನಿಜವಾಗಿ ಹಿಡಿದುಕೊಳ್ಳುತ್ತಾರಾ? ನೀನು ಬಿಡಿಸಿಕೊಳ್ಳಲು ನೋಡಿದಾಗ ಅವರು ಬಿಡದೆ ಎದುರು ಬಲ ಹಾಕುತ್ತಾರಾ? ಜೂಡೋದಲ್ಲಿ ಇದಕ್ಕೆ ರಂದೋರಿ ಅನ್ನುತ್ತಾರೆ, ಬಾಕ್ಸಿಂಗ್‌ನಲ್ಲಿ ಸ್ಪಾರಿಂಗ್, ಕರಾಟೆಯಲ್ಲಿ ಕುಮಿತೆ. ಈ ಒಂದು ಇಲ್ಲದಿದ್ದರೆ ಯಾವ ಬೆಲ್ಟೂ ರಸ್ತೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಎದುರಿಗೆ ನಿಂತವಳು ಸುಮ್ನೆ ಕೈ ಕೊಟ್ಟು, ನೀನು ತಿರುಗಿಸಿದ ಕೂಡಲೇ ತಾನೇ ಬಿದ್ದರೆ ನೋಡುವುದಕ್ಕೆ ಚೆಂದ. ಹಾಗೆ ಕಲಿತ ಹುಡುಗಿಗೆ ಬಿಗಿಯಾದ ಒಂದು ಹಿಡಿತ ಬಿದ್ದಾಗ ಕೈ ಕಾಲೇ ಆಡುವುದಿಲ್ಲ.

ಕರಾಟೆಯನ್ನು ನಾನು ಕೀಳಾಗಿ ನೋಡುವುದಿಲ್ಲ. ಜಪಾನಿನ ಓಕಿನಾವಾ ದ್ವೀಪದ ವಿದ್ಯೆ ಅದು, ಅಲ್ಲಿನ ಗುರು ಫುನಾಕೋಶಿ 1922ರಲ್ಲಿ ಟೋಕಿಯೊಗೆ ಹೋಗಿ ತೋರಿಸಿದ ಮೇಲೆ ಜಪಾನಿನ ತುಂಬ ಹಬ್ಬಿತು. ಶೋಟೊಕಾನ್, ಗೋಜು-ರ್ಯು, ಶಿಟೊ-ರ್ಯು ಅಂತ ಶಾಖೆಗಳಿವೆ. ಗಾಳಿಗೆ ಗುದ್ದುವುದೂ, ಕಟಾ (ಒಬ್ಬರೇ ಮಾಡುವ ವರಸೆಗಳ ಸರಣಿ) ಮಾಡುವುದೂ ಅದರ ಭಾಗವೇ, ಮೈ ಹದಕ್ಕೆ ಬರಲು ಬೇಕು. ನೀನು ನೋಡಿದ ಕ್ಲಾಸಿನಲ್ಲಿ ದೊಡ್ಡವರ ಬ್ಯಾಚ್ ಇದೆಯಾ, ಜೋಡಿಯಾಗಿ ಕುಮಿತೆ ಆಡಿಸುತ್ತಾರಾ ಕೇಳು. ಬರೀ ಮಕ್ಕಳು, ಬರೀ ಸಾಲು ಅಂದರೆ ನಿನಗಲ್ಲ. ಟೇಕ್ವಾಂಡೋ ಕಾಲಿನ ಆಟ, 2000ದಿಂದ ಒಲಿಂಪಿಕ್ಸ್‌ನಲ್ಲಿದೆ, ಹದಿನಾರರ ಹುಡುಗಿಯರಿಗೆ ಒಳ್ಳೆಯದು. ಚೂಡಿದಾರ್, ಚಪ್ಪಲಿ ಹಾಕಿಕೊಂಡು ಜಲ್ಲಿ ಬಿದ್ದ ರಸ್ತೆಯಲ್ಲಿ ಒಂದೇ ಕಾಲ ಮೇಲೆ ನಿಂತು ಒದೆಯುವುದು ಕಷ್ಟ.

ಎರಡು ದಿನದ ಶಿಬಿರಕ್ಕೆ ಬೇಕಾದರೆ ಹೋಗಿ ಬಾ. ಎಚ್ಚರಿಕೆಯ ನಾಲ್ಕು ಮಾತು ಸಿಗುತ್ತವೆ. ಆದರೆ ಎರಡು ದಿನದಲ್ಲಿ ಮೈಗೆ ಏನೂ ಇಳಿಯುವುದಿಲ್ಲ. ತೂಕ ಲೆಕ್ಕಕ್ಕಿಲ್ಲ ಅಂತ ಬರೆದಿದ್ದಾರಲ್ಲ, ಅದನ್ನು ನಂಬಬೇಡ. ಕಾಮನ್‌ವೆಲ್ತ್‌ನಲ್ಲಿ ಎರಡು ಸಲ, 2014 ಮತ್ತು 2022ರಲ್ಲಿ, ಜೂಡೋ ಬೆಳ್ಳಿ ಗೆದ್ದ ಮಣಿಪುರದ ಸುಶೀಲಾ ದೇವಿ ಆಡಿದ್ದು 48 ಕೆಜಿ ವಿಭಾಗದಲ್ಲಿ. ಅಂಥವರಿಗೇ ಸಮತೂಕದ ಎದುರಾಳಿಯನ್ನು ಕೊಡುತ್ತಾರೆ ಅಂದರೆ ತೂಕಕ್ಕೆ ಎಷ್ಟು ಬೆಲೆ ಇದೆ ನೀನೇ ನೋಡು. 46 ಕೆಜಿಯ ನೀನು 75 ಕೆಜಿಯವನ ಜೊತೆ ಗುದ್ದಾಟಕ್ಕೆ ನಿಲ್ಲಬಾರದು. ಹಿಡಿತ ಬಿಡಿಸಿಕೊಂಡು, ಕೂಗಿ, ಜನ ಇರುವ ಕಡೆ ಓಡಬೇಕು. ನೀನು ಕಲಿಯಬೇಕಾದ್ದು ಇದು, ಇದಕ್ಕೆ ತಕ್ಕ ಕ್ಲಾಸ್ ಹುಡುಕು.

ಬಿಡಿಸಿಕೊಳ್ಳುವುದು ಒಂದು ಹೇಳುತ್ತೇನೆ, ಮನೆಯಲ್ಲಿ ಅಮ್ಮನ ಜೊತೆಗೇ ಮಾಡಿ ನೋಡು. ಯಾರಾದರೂ ಮಣಿಕಟ್ಟು ಹಿಡಿದರೆ ಎಲ್ಲರೂ ಮಾಡುವುದು ಹಿಂದಕ್ಕೆ ಜಗ್ಗುವುದು. ಅದು ಬಲದ ಆಟ, ಅವನೇ ಗೆಲ್ಲುತ್ತಾನೆ. ಅವನ ಹಿಡಿತ ನೋಡು: ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ಒಂದೇ. ಬೆರಳ ತುದಿಗಳು ಕೂಡುವಲ್ಲಿ ಸಂದಿ ಇದೆ. ನಿನ್ನ ಮಣಿಕಟ್ಟನ್ನು ತಿರುಗಿಸಿ, ಅದರ ತೆಳುವಾದ ಅಂಚು ಆ ಸಂದಿಗೆ ಬರುವ ಹಾಗೆ ಮಾಡು. ಆಮೇಲೆ ಕೈ ಜಗ್ಗಬೇಡ. ಒಂದು ಹೆಜ್ಜೆ ಅವನ ಕಡೆಗೇ ಇಟ್ಟು, ನಿನ್ನ ಮೊಳಕೈಯನ್ನು ಅವನ ಮುಂಗೈ ಕಡೆ ತಳ್ಳು. ಮೊಳಕೈ ಮುಂದೆ ಹೋದಂತೆ ಮಣಿಕಟ್ಟು ಹೆಬ್ಬೆರಳಿನ ಕಡೆಯಿಂದ ಮೇಲೆದ್ದು ಬರುತ್ತದೆ, ನಿನ್ನ ಹೆಗಲಿನ ಕಡೆ. ಮೊದಲು ನಿಧಾನಕ್ಕೆ ಮಾಡು. ಆಮೇಲೆ ಅಮ್ಮನಿಗೆ ಗಟ್ಟಿಯಾಗಿ ಹಿಡಿ ಅನ್ನು. ಆಮೇಲೆ ತಮ್ಮನೋ ಅಣ್ಣನೋ ಇದ್ದರೆ ಅವನಿಗೆ. ಎರಡು ಕೈಯಿಂದ ಹಿಡಿದವನ ಹತ್ತಿರ ಇದೊಂದೇ ಸಾಲುವುದಿಲ್ಲ, ನಿನ್ನ ಇನ್ನೊಂದು ಕೈಯನ್ನೂ ಸೇರಿಸಬೇಕು. ಅದಕ್ಕೇ ಕ್ಲಾಸ್ ಬೇಕು ಅನ್ನುವುದು.

ಇನ್ನು ಬೀಳುವುದು. ಜೂಡೋ ಕ್ಲಾಸಿಗೆ ಹೋದರೆ ಶುರುವಿನಲ್ಲಿ ಎಸೆಯುವುದನ್ನು ಹೇಳಿಕೊಡುವುದಿಲ್ಲ, ಬೀಳುವುದನ್ನು ಕಲಿಸುತ್ತಾರೆ. ಉಕೆಮಿ ಅಂತ. ಕುಕ್ಕರುಗಾಲಲ್ಲಿ ಕೂತು ಹಿಂದಕ್ಕೆ ಉರುಳಬೇಕು. ಗದ್ದ ಎದೆಗೆ ಒತ್ತಿರಬೇಕು, ಕಣ್ಣು ಸೊಂಟದ ಬೆಲ್ಟಿನ ಗಂಟನ್ನು ನೋಡುತ್ತಿರಬೇಕು, ಆಗ ತಲೆ ಹಿಂದಕ್ಕೆ ಬಡಿಯುವುದಿಲ್ಲ. ಬೆನ್ನು ಚಾಪೆಗೆ ತಾಗುವ ಹೊತ್ತಿಗೆ ಎರಡೂ ಕೈಗಳ ಅಂಗೈ, ಮುಂಗೈ ಪೂರ್ತಿ ಚಾಪೆಗೆ ಫಟ್ ಅಂತ ಬೀಳಬೇಕು. ಕೈ ಮೈಯಿಂದ ತೀರಾ ದೂರ ಇರಬಾರದು. ಉಸಿರು ಹೊರಗೆ ಬಿಡಬೇಕು. ಹೊಸ ಹುಡುಗಿಯರು ಎಲ್ಲರೂ ಬೀಳುವಾಗ ಕೈಯನ್ನು ಹಿಂದೆ ಊರಲು ಹೋಗುತ್ತಾರೆ. ಮಣಿಕಟ್ಟು ಮುರಿಯುವುದು ಹಾಗೇ. ಆ ಚಟ ಬಿಡಿಸುವುದಕ್ಕೇ ನನಗೆ ಬಹಳ ಹೊತ್ತು ಹಿಡಿಯುತ್ತದೆ, ಆದರೆ ಒಮ್ಮೆ ಬಿಟ್ಟರೆ ಜೀವನಪೂರ್ತಿ ಬಿಟ್ಟ ಹಾಗೆ. ಲಿಂಗಸುಗೂರು ರಸ್ತೆಯಲ್ಲಿ ಮರಳಿನ ಮೇಲೆ ನನ್ನ ಗಾಡಿ ಜಾರಿದಾಗ ಗದ್ದ ತಾನಾಗಿಯೇ ಎದೆಗೆ ಹೋಗಿತ್ತು. ಭುಜ ತರಚಿತು, ಅಷ್ಟೇ. ನಿನ್ನ ಅಮ್ಮನಿಗೆ ಇದನ್ನು ಓದಿ ಹೇಳು. ಕೈ ಕಾಲು ಮುರಿಯದೆ ಬೀಳುವುದನ್ನೇ ಅಲ್ಲಿ ಮೊದಲು ಕಲಿಸುವುದು ಅಂತ ಹೇಳು.

ಶಬ್ದ ಬರಲಿಲ್ಲ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಸಂಕಟ ಆಯಿತು. ಅದು ನಿನ್ನ ತಪ್ಪಲ್ಲ ತಂಗಿ. ಜೋರಾಗಿ ಮಾತಾಡಬೇಡ ಅಂತ ಕೇಳುತ್ತಾ ಬೆಳೆದ ಗಂಟಲು ಅದು, ಬೇಕಾದಾಗ ತೆರೆಯುವುದಿಲ್ಲ. ನನ್ನ ಕ್ಲಾಸಿನಲ್ಲಿ ಹುಡುಗಿಯರನ್ನು ಮೈದಾನದ ಆ ತುದಿಯಲ್ಲಿ ನಿಲ್ಲಿಸಿ ಈ ತುದಿಗೆ ಕೇಳುವ ಹಾಗೆ ಕೂಗಿಸುತ್ತೇನೆ. "ಏಯ್! ಕೈ ಬಿಡು!" ಇಷ್ಟೇ ಮಾತು. ಮೊದಲು ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾರೆ. ಧ್ವನಿ ಗಂಟಲಿಂದ ಹೊಟ್ಟೆಗೆ ಇಳಿಯಲು ವಾರಗಳೇ ಬೇಕು. ಆಮೇಲೆ ಅದೇ ಹುಡುಗಿಯರು ಕೂಗಿದರೆ ಕಾಂಪೌಂಡಿನ ಆಚೆ ಹೋಗುವವರು ನಿಂತು ನೋಡುತ್ತಾರೆ. ಬೈಕಿನವರಾದರೆ ನಂಬರ್ ಪ್ಲೇಟ್ ಓದಿ ಕೂಗಲು ಹೇಳುತ್ತೇನೆ. ನಮ್ಮಲ್ಲಿ ಕೆಎ 36, ನಿಮ್ಮಲ್ಲಿ ಕೆಎ 34. ತನ್ನ ಗಾಡಿ ನಂಬರ್ ಬೀದಿಗೆಲ್ಲ ಕೇಳಿತು ಅಂದರೆ ಅಂಥವನು ನಿಲ್ಲುವುದಿಲ್ಲ.

ನಿನಗೆ ಆದ ಘಟನೆಗೆ ಮಾತ್ರ ಯಾವ ಕಲೆಯೂ ಉತ್ತರ ಅಲ್ಲ, ಯಾಕೆಂದರೆ ನೀನು ಓಡುವ ಗಾಡಿ ಮೇಲಿದ್ದೆ. ಹೆಗಲಿಗೆ ಬ್ಯಾಗ್ ಹಾಕಬೇಡ, ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಇಡು. ಯಾರಾದರೂ ಜಗ್ಗಿದರೆ ಬಿಟ್ಟುಬಿಡು. ಬೆನ್ನು ಹತ್ತಿದರೆ ನೇರ ಮನೆಗೆ ಹೋಗಬೇಡ, ಮನೆ ತೋರಿಸಿದ ಹಾಗಾಗುತ್ತದೆ. ಪೆಟ್ರೋಲ್ ಬಂಕೋ, ತೆರೆದಿರುವ ಹೋಟೆಲ್ಲೋ, ಬೆಳಕಿರುವ ಕಡೆ ಗಾಡಿ ತಿರುಗಿಸು. ಹೆಲ್ಮೆಟ್ ಬೆಲ್ಟ್ ಹಾಕಿಕೋ, ಸುಮ್ನೆ ತಲೆ ಮೇಲೆ ಇಟ್ಟುಕೊಂಡು ಓಡಿಸುವವರು ಬಹಳ ಜನ ನಮ್ಮ ಕಡೆ.

ವಯಸ್ಸಿನ ಚಿಂತೆ ಬಿಡು. 27 ಏನೂ ಅಲ್ಲ. ಜೂಡೋ ಹುಟ್ಟುಹಾಕಿದ ಕಾನೊ 1882ರಲ್ಲಿ ಟೋಕಿಯೊದಲ್ಲಿ ಶಾಲೆ ತೆರೆದಾಗ ಅವನಿಗೂ ಇಪ್ಪತ್ತು ದಾಟಿತ್ತು, ಅವನದೂ ಸಣ್ಣ ಮೈಯೇ.

ನನ್ನ ಮಾತು: ಆ ಜೂಡೋ ಸರ್ ಹತ್ತಿರ ಹೋಗಿ ಒಂದು ಕ್ಲಾಸ್ ಪೂರ್ತಿ ಕೂತು ನೋಡು. ಕೊನೆಯ ಹದಿನೈದು ನಿಮಿಷ ತಪ್ಪಿಸಬೇಡ, ರಂದೋರಿ ಇರುವುದು ಆಗಲೇ. ಒಬ್ಬಳು ನೋವಾಗಿ ಚಾಪೆ ತಟ್ಟಿದ ಕೂಡಲೇ ಇನ್ನೊಬ್ಬಳು ಬಿಡುತ್ತಾಳಾ ನೋಡು. ಸರ್ ಹೊಸಬರನ್ನು ಮೈ ಮುಟ್ಟಿ ತಿದ್ದುವ ಮುಂಚೆ ಹೇಳಿ ಮುಟ್ಟುತ್ತಾರಾ ನೋಡು. ಮೂರು ತಿಂಗಳ ಫೀಸ್ ಒಟ್ಟಿಗೆ ಕೇಳಿದರೆ ಮೊದಲು ಒಂದು ತಿಂಗಳದ್ದು ಕೊಡುತ್ತೇನೆ ಅನ್ನು.

---

ಉತ್ತರ: ಗಂಗಾವತಿ ಗರಡಿ

ಟೀಚರ್ ಅಕ್ಕ ಎಲ್ಲ ಸರಿಯಾಗಿ ಹೇಳಿದ್ದಾರೆ, ಆದರೆ ನಮ್ಮ ಕುಸ್ತಿಯನ್ನು ಯಾರೂ ಎತ್ತಲೇ ಇಲ್ಲ. ಹಿಡಿತ ಬಿಡಿಸಿಕೊಳ್ಳುವುದು, ಎದುರಿನವನ ಭಾರ ಯಾವ ಕಾಲಿನ ಮೇಲಿದೆ ಅಂತ ಕೈಯಲ್ಲೇ ತಿಳಿಯುವುದು, ಇದೆಲ್ಲ ಗರಡಿ ಮನೆಯಲ್ಲಿ ದಿನಾ ನಡೆಯುವುದೇ. ನಮ್ಮ ತಾತ ಉಸ್ತಾದ್ ಆಗಿದ್ದರು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡುವುದನ್ನು ನೋಡುತ್ತಾ ಬೆಳೆದವನು ನಾನು.

ಹೆಣ್ಣುಮಕ್ಕಳಿಗೆ ಕುಸ್ತಿ ಎಲ್ಲಿಯದು ಅನ್ನುವವರಿಗೆ ಒಂದು ಮಾತು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಅರಸನ ಬಳಿ ಕುಸ್ತಿ ಆಡುವ ಹೆಂಗಸರು ಇದ್ದಾರೆ ಅಂತ ಬರೆದಿಟ್ಟಿದ್ದಾನೆ. ಅವನಿಗಿಂತ ಮುಂಚೆ ಬಂದ ಪಾಯೆಸ್, ಕೃಷ್ಣದೇವರಾಯ ಬೆಳಗಾಗುವ ಮುಂಚೆ ಎಳ್ಳೆಣ್ಣೆ ಹಚ್ಚಿಕೊಂಡು ಜಟ್ಟಿಯ ಜೊತೆ ಕುಸ್ತಿ ಆಡುತ್ತಿದ್ದ ಅಂತ ಬರೆದಿದ್ದಾನೆ. ಇದು ನಮ್ಮ ನೆಲದ್ದೇ ವಿದ್ಯೆ. ಹೆಣ್ಣುಮಕ್ಕಳ ಕುಸ್ತಿ 2004ರಲ್ಲಿ ಒಲಿಂಪಿಕ್ಸ್‌ಗೆ ಬಂತು, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು.

ನಿಜ ಹೇಳಬೇಕು ಅಂದರೆ ನಮ್ಮ ಕಡೆ ಹಳೆ ಗರಡಿಗಳಲ್ಲಿ ಇವತ್ತಿಗೂ ಹೆಣ್ಣುಮಕ್ಕಳನ್ನು ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಅಂಕಣಕ್ಕೆ, ಇಳಿಸುವ ರೂಢಿ ಇಲ್ಲ. ಅದು ಬದಲಾಗಲೇಬೇಕು, ನಮ್ಮ ಗರಡಿಯಲ್ಲಿ ಈ ಮಾತು ಎತ್ತಿ ಹಿರಿಯರ ಜೊತೆ ಜಗಳವೇ ಆಗಿದೆ. ಅಲ್ಲಿ ತನಕ ಮ್ಯಾಟ್ ಮೇಲೆ ಕಲಿಸುವ ಕಡೆ ಸಿಕ್ಕರೆ ಬಿಡಬೇಡಿ.

---

ಉತ್ತರ: ರಾಯಚೂರು ಪಿಇ ಟೀಚರ್

ಗರಡಿ ಅಣ್ಣ, ಜಗಳ ಮುಂದುವರಿಸಿ, ನಿಲ್ಲಿಸಬೇಡಿ. ನನ್ನ ಹತ್ತಿರ ಬರುವ ಹುಡುಗಿಯರಲ್ಲಿ ಪೈಲ್ವಾನರ ಮನೆಯ ಮಕ್ಕಳೂ ಇದ್ದಾರೆ. ಅವರ ಕಾಲು ನೆಲ ಕಚ್ಚುವ ರೀತಿಯೇ ಬೇರೆ.

---

ಉತ್ತರ: ಕೊಪ್ಪಳ ಕೋರ್ಟ್ ರಸ್ತೆ

ವಕೀಲನಾಗಿ ಎರಡು ಮಾತು. ತನ್ನ ದೇಹ, ಬೇರೆಯವರ ದೇಹ, ಆಸ್ತಿ ಕಾಪಾಡಿಕೊಳ್ಳುವ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕದ ಕಲಂಗಳಲ್ಲಿದೆ. 2024ರ ಜುಲೈ 1ಕ್ಕಿಂತ ಮುಂಚೆ ಐಪಿಸಿ 96ರಿಂದ 106 ಅಂತ ಇತ್ತು. ಅಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟು ಬಲ ಬಳಸಬಹುದು. ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯಂಥ ಸಂದರ್ಭದಲ್ಲಿ ಈ ಹಕ್ಕು ಎದುರಿನವನ ಪ್ರಾಣ ಹೋಗುವ ತನಕವೂ ವಿಸ್ತರಿಸುತ್ತದೆ. ಆದರೆ ಅವನು ಬಿಟ್ಟು ಓಡುತ್ತಿರುವಾಗ ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ಆತ್ಮರಕ್ಷಣೆ ಆಗುವುದಿಲ್ಲ.

ಪದೇ ಪದೇ ಹಿಂಬಾಲಿಸುವುದೇ ಅಪರಾಧ, ಕಲಂ 78. ತಕ್ಷಣದ ಸಹಾಯಕ್ಕೆ 112, ಮಹಿಳಾ ಸಹಾಯವಾಣಿ 181. ಯಾವ ಠಾಣೆಯ ವ್ಯಾಪ್ತಿ ಅಂತ ಯೋಚಿಸುತ್ತಾ ಕೂರಬೇಡಿ, ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಬ್ಯಾಗ್ ಜಗ್ಗಿದ ಜಾಗ, ಹೊತ್ತು, ಬೈಕಿನ ಬಣ್ಣ ನೆನಪಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಡಿ ತಂಗಿ.

---

ಪ್ರಶ್ನೆ ಕೇಳಿದವರು: ಕೌಲ್‌ಬಜಾರ್ ಸ್ಕೂಟಿ

ಎಲ್ಲರಿಗೂ ಧನ್ಯವಾದ. ಟೀಚರ್ ಅಕ್ಕ, ನೀವು ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಮಣಿಕಟ್ಟಿನದು ಅಮ್ಮನ ಜೊತೆ ಮಾಡಿದೆ. ನಾನು ಬಿಡಿಸಿಕೊಂಡೆ, ಆಮೇಲೆ ಅಮ್ಮ "ಈಗ ನನ್ನ ಕೈ ಹಿಡಿ" ಅಂತ ತಾನೇ ಕೈ ಚಾಚಿದರು. ಅವರಿಗೂ ಬಂತು!

ಜೂಡೋ ಕ್ಲಾಸ್ ನೋಡಿ ಬಂದೆ. ಕೊನೆಗೆ ಜೋಡಿ ಮಾಡಿ ಆಡಿಸುತ್ತಾರೆ, ತಟ್ಟಿದ ಕೂಡಲೇ ಬಿಡುತ್ತಾರೆ. ಸೋಮವಾರದಿಂದ ಸೇರುತ್ತಿದ್ದೇನೆ. ಬಾಕ್ಸಿಂಗ್ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ, ಅಂಗೈ ಬುಡದ ವಿಷಯ ಬರೆದಿಟ್ಟುಕೊಂಡಿದ್ದೇನೆ. ಆದರೆ ಕನ್ನಡಕ ಏನು ಮಾಡಲಿ? ಬಟ್ಟೆ ಈಗಲೇ ಕೊಳ್ಳಬೇಕಾ? ತಿಂಗಳ ಆ ದಿನಗಳಲ್ಲಿ ಹೋಗಬಹುದಾ?

---

ಉತ್ತರ: ರಾಯಚೂರು ಪಿಇ ಟೀಚರ್

ಅಮ್ಮನ ಸುದ್ದಿ ಓದಿ ಬಹಳ ಖುಷಿಯಾಯಿತು. ಅವರನ್ನೂ ಬಿಡಬೇಡ, ವಾರಕ್ಕೊಮ್ಮೆ ಮಾಡಿಸು.

ಕನ್ನಡಕ ತೆಗೆದು ಡಬ್ಬಿಯಲ್ಲಿ ಇಡು. ಜೂಡೋ ಹಿಡಿದು ಆಡುವ ಆಟ, ಎದುರಿನವರು ಕೈಗೆ ಸಿಗುವಷ್ಟು ಹತ್ತಿರ ಇರುತ್ತಾರೆ, ಮಸುಕಾಗಿ ಕಂಡರೂ ನಡೆಯುತ್ತದೆ. ನಂಬರ್ ತುಂಬಾ ಜಾಸ್ತಿ ಇದ್ದರೆ ಮಾತ್ರ ಕಣ್ಣಿನ ಡಾಕ್ಟರನ್ನು ಕೇಳಿ ಶುರು ಮಾಡು. ಬಟ್ಟೆ ಈಗಲೇ ಬೇಡ. ದಪ್ಪ ಬಟ್ಟೆಯ ತುಂಬುತೋಳಿನ ಅಂಗಿ, ಟ್ರ್ಯಾಕ್ ಪ್ಯಾಂಟ್ ಸಾಕು. ನಿಲ್ಲುತ್ತೇನೆ ಅಂತ ಗಟ್ಟಿಯಾದ ಮೇಲೆ ಜೂಡೋಗಿ (ಜೂಡೋ ಆಡುವ ಬಟ್ಟೆ) ತೆಗೆದುಕೋ, ತೊಳೆದಾಗ ಕುಗ್ಗುತ್ತದೆ, ಒಂದು ಸೈಜ್ ದೊಡ್ಡದಿರಲಿ. ಆ ದಿನಗಳಲ್ಲಿ ಮೈಗೆ ಆಗುತ್ತದೆ ಅನಿಸಿದರೆ ಹೋಗು, ಆಗದಿದ್ದರೆ ಕೂತು ನೋಡು. ನನ್ನ ಹುಡುಗಿಯರು ಬರುತ್ತಾರೆ.

ಕೈಕಾಲಿನ ಉಗುರು ಕತ್ತರಿಸಿಕೊಂಡು ಹೋಗು. ಬಳೆ, ಓಲೆ, ಸರ, ಗೆಜ್ಜೆ ಯಾವುದೂ ಮೈಮೇಲೆ ಇರಬಾರದು. ಕೂದಲಿಗೆ ಕ್ಲಿಪ್ ಬೇಡ, ಬಟ್ಟೆಯ ರಬ್ಬರ್ ಹಾಕಿ ಜಡೆ ಬಿಗಿಯಾಗಿ ಕಟ್ಟಿಕೋ. ಬಳ್ಳಾರಿ ಬಿಸಿಲಿಗೆ ನೀರಿನ ಬಾಟಲಿ ಎರಡಿರಲಿ. ಮೊದಲ ವಾರ ಕುತ್ತಿಗೆ, ಹೊಟ್ಟೆ ಹಿಡಿದುಕೊಳ್ಳುತ್ತವೆ, ಗದ್ದ ಎದೆಗೆ ಒತ್ತಿ ಹಿಡಿದದ್ದರ ನೋವು ಅದು, ತಾನೇ ಹೋಗುತ್ತದೆ. ಚುಚ್ಚಿದ ಹಾಗೆ ಆದರೆ ಮಾತ್ರ ನಿಲ್ಲಿಸಿ ಸರ್‌ಗೆ ಹೇಳು. ಸೋಮವಾರ ಆದ ಮೇಲೆ ಹೇಗಿತ್ತು ಅಂತ ಇಲ್ಲೇ ಬರಿ.